ತಗಡಿಗೇರಿದ ಸೆರೆಮನೆ

(ಕಾರವಾರದಲ್ಲಿ ಇತಿಹಾಸದ ಆಸಕ್ತರು ಸೇರಿದ್ದ ಸಣ್ಣ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ ಇದು. ಅಲ್ಲಲ್ಲಿ ತಿದ್ದಿ, ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿ ಬರೆದಿದ್ದೇನೆ.)

ಹಿರಿಯರೇ, ಸ್ನೇಹಿತರೇ,

ಈ ವಿಷಯವನ್ನು ನಾನು ಹುಡುಕಿಕೊಂಡು ಹೋದವನಲ್ಲ. ಕಾಫಿ ಕುಡಿಯಲು ಕುಳಿತಲ್ಲಿ ಅದೇ ಎದುರಾಯಿತು. ಕಳೆದ ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ, ಸಮುದ್ರಕ್ಕೆ ಮುಖ ಮಾಡಿ ಹೊಸದಾಗಿ ತೆರೆದ ಒಂದು ಕಾಫಿ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹೆಸರು ಇಲ್ಲಿ ಬೇಡ; ಯಜಮಾನ ಸಜ್ಜನ, ವಯಸ್ಸಿನಲ್ಲಿ ನನ್ನ ಮಗನಂಥವನು. ಎದುರಿನ ಗೋಡೆಯ ಮೇಲೆ ಎರಡಡಿ ಎತ್ತರ, ಮೂರಡಿ ಅಗಲದ ಒಂದು ಕಪ್ಪುಬಿಳುಪು ಚಿತ್ರವಿತ್ತು. ಅದಕ್ಕೆ ಚೌಕಟ್ಟಿರಲಿಲ್ಲ, ಗಾಜಿರಲಿಲ್ಲ. ಗೋಡೆಗೆ ತಾಗದೆ ಅರ್ಧ ಇಂಚು ಮುಂದಕ್ಕೆ ತೇಲಿದಂತೆ ನಿಂತಿತ್ತು. ದೂರಕ್ಕೆ ಯಾವುದೋ ಹಳೆಯ ಗಿರಣಿಯಂತೆ ಕಂಡದ್ದು ಹತ್ತಿರ ಹೋದಾಗ ಬೇರೆಯಾಯಿತು. ಗೋಡೆಯುದ್ದಕ್ಕೂ ಹಬ್ಬಿದ ಒಂದು ಚಕ್ರ, ಅದರ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತ ಗಂಡಸರ ಬೆನ್ನುಗಳು, ಕೆಳಗೆ ಅಂಗಳದಲ್ಲಿ ಒಬ್ಬರ ಹಿಂದೊಬ್ಬರಾಗಿ ಸುತ್ತು ಹಾಕುತ್ತಿರುವ ಮತ್ತಷ್ಟು ಜನ. ಈ ಚಿತ್ರವನ್ನು ನಾನು ಪುಸ್ತಕದಲ್ಲಿ ಅಂಗೈಯಗಲದಲ್ಲಿ ನೋಡಿದ್ದೆ. ಅದು ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬ ಸೆರೆಮನೆಯ ಅಂಗಳ.

"ಇದು ಯಾವ ಚಿತ್ರ ತಮ್ಮಾ?" ಎಂದು ಕೇಳಿದೆ.

"ಹಳೇ ಫ್ಯಾಕ್ಟರಿ ಇರ್ಬೇಕು ಸರ್. ವಿಂಟೇಜ್ ಅಂತ ಇತ್ತು, ಆನ್‌ಲೈನಿನಲ್ಲಿ ತರಿಸಿದ್ದು" ಎಂದ.

ಅವನ ಉತ್ತರವನ್ನು ನಾನು ತಪ್ಪೆನ್ನುವುದಿಲ್ಲ. ಚಿತ್ರವನ್ನು ಕೆಳಗಿಳಿಸಿ ಹಿಂಬದಿಯನ್ನು ತೋರಿಸಿದ. ಅಳತೆಯಿತ್ತು, ಬಾರ್‌ಕೋಡ್ ಇತ್ತು, ಒರೆಸುವ ಬಟ್ಟೆಯ ಕುರಿತು ಸೂಚನೆಯೂ ಇತ್ತು. ಊರಿನ ಹೆಸರಿರಲಿಲ್ಲ, ಇಸವಿ ಇರಲಿಲ್ಲ. ಆಮೇಲೆ ಮನೆಗೆ ಹೋಗಿ ಹುಡುಕುತ್ತಾ ಕುಳಿತಾಗ ತಿಳಿಯಿತು, ಇದು ಒಂಟಿ ಚಿತ್ರವಲ್ಲ. ಸೆರೆಮನೆಯ ಹಳೆಯ ಶಿಕ್ಷೆಗಳ ಮರಗೆತ್ತನೆಯ ಚಿತ್ರಗಳು, ಫೋಟೋಗಳು, ಅಂಚೆ ಕಾರ್ಡುಗಳು ಲೋಹದ ತಗಡಿನ ಮೇಲೆ ಮುದ್ರಣಗೊಂಡು, ಕುಳಿತುಕೊಳ್ಳುವ ಕೋಣೆಗೆ ಇಷ್ಟು ಅಳತೆ, ಕಚೇರಿಗೆ ಇಷ್ಟು ಅಳತೆ ಎಂಬ ಪಟ್ಟಿಯೊಂದಿಗೆ ಮಾರಾಟವಾಗುತ್ತಿವೆ. ಸೂರ್ಯಾಸ್ತ, ಹುಲಿ, ಬುದ್ಧನ ಮುಖ, ಅವುಗಳ ಪಕ್ಕದಲ್ಲೇ ಛಡಿ ಏಟಿನ ಕಂಬ.

ಮೊದಲು ಈ ತಗಡಿನ ವಿಚಾರ. ತೆಳ್ಳಗಿನ ಅಲ್ಯೂಮಿನಿಯಂ ಹಾಳೆಗೆ ಒಂದು ಬಗೆಯ ಪಾಲಿಮರ್ ಲೇಪ ಹಚ್ಚಿರುತ್ತಾರೆ. ಚಿತ್ರವನ್ನು ವಿಶೇಷ ಶಾಯಿಯಲ್ಲಿ, ಕನ್ನಡಿಯೊಳಗಿನ ಬಿಂಬದಂತೆ ತಿರುವಿ, ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಹಾಳೆಯ ಮೇಲೆ ಮಗುಚಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೆರಡು ನಿಮಿಷ ಒತ್ತುತ್ತಾರೆ. ಕರ್ಪೂರವು ನೀರಾಗದೆ ನೇರವಾಗಿ ಆವಿಯಾಗುವಂತೆ ಶಾಯಿಯೂ ಅನಿಲವಾಗಿ ಲೇಪದೊಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಶಾಲೆಯಲ್ಲಿ ಉತ್ಪತನ ಎಂದು ಓದಿದ್ದು ಇದನ್ನೇ. ಹೀಗೆ ಮಾಡಿದ ಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿಯುವುದರೊಳಗೆ ಕಾಗದದ ಪಟಕ್ಕೆ ಬೂಷ್ಟು ಹಿಡಿಯುತ್ತದೆ, ಉಪ್ಪುಗಾಳಿಗೆ ಕಬ್ಬಿಣದ ಚೌಕಟ್ಟು ತುಕ್ಕು ತಿನ್ನುತ್ತದೆ. ಅಲ್ಯೂಮಿನಿಯಮ್ಮಿಗೆ ಈ ಎರಡೂ ಕಾಟವಿಲ್ಲ. ಆದ್ದರಿಂದ ಕಾಫಿ ಅಂಗಡಿಯ ಹುಡುಗ ಲೋಹವನ್ನು ಆರಿಸಿಕೊಂಡದ್ದರಲ್ಲಿ ವ್ಯವಹಾರಜ್ಞಾನ ಇತ್ತೆಂದೇ ಹೇಳಬೇಕು.

ಆದರೆ ಲೋಹವು ಚಿತ್ರಕ್ಕೆ ಇನ್ನೊಂದನ್ನೂ ಮಾಡುತ್ತದೆ. ಬಿಳಿಯ ತಳವಿಲ್ಲದ ಬಗೆಯಲ್ಲಿ, ಮೂಲದಲ್ಲಿ ಕಾಗದ ಬಿಳಿಯಾಗಿದ್ದ ಕಡೆಯಲ್ಲೆಲ್ಲ ಬರಿಯ ಲೋಹ ಹೊಳೆಯುತ್ತದೆ. ಕೋಲ್ಡ್‌ಬಾತ್ ಫೀಲ್ಡ್ಸಿನ ಮಬ್ಬು ಅಂಗಳ ಆ ಗೋಡೆಯ ಮೇಲೆ ಮಧ್ಯಾಹ್ನದ ಅರಬ್ಬಿ ಸಮುದ್ರದಂತೆ ಮಿರುಗುತ್ತಿತ್ತು. ನಾನು ಬಗ್ಗಿ ನೋಡಿದಾಗ ಕಿಟಕಿಯ ಬೆಳಕಿನೊಡನೆ ನನ್ನ ತಲೆಯ ನೆರಳೂ ಕೈದಿಗಳ ಬೆನ್ನಿನ ಮೇಲೆ ಬಿತ್ತು. ಮೂಲ ಚಿತ್ರ ಪುಸ್ತಕದ ಪುಟದ ಅಳತೆಯದು, ಗಟ್ಟಿ ಮರದ ಅಚ್ಚಿನಲ್ಲಿ ಕೆತ್ತಿ ಮುದ್ರಿಸಿದ್ದು. ನಮ್ಮ ಶಿರಸಿಯ ಗುಡಿಗಾರರಿಗೆ ತೋರಿಸಿದರೆ ಇದು ಬರೆದ ಗೆರೆಯಲ್ಲ, ಉಳಿ ಬಿಟ್ಟುಹೋದ ಗೆರೆ ಎಂದು ಒಂದೇ ನೋಟದಲ್ಲಿ ಗುರುತಿಸಿಯಾರು. ಪುಟದಷ್ಟಿದ್ದುದನ್ನು ಮೂರಡಿಗೆ ಹಿಗ್ಗಿಸಿದಾಗ ಆ ಗೆರೆಗಳು ತಂತಿಯಷ್ಟು ದಪ್ಪವಾಗುತ್ತವೆ. ಪುಸ್ತಕದಲ್ಲಿ ಉಗುರಿನಷ್ಟಿದ್ದರೂ ಮುಖವೆಂದು ಕಾಣುತ್ತಿದ್ದುದು ತಗಡಿನ ಮೇಲೆ ನಾಲ್ಕು ಅಡ್ಡಗೆರೆ, ಎರಡು ಉದ್ದಗೆರೆಗಳಾಗಿ ಒಡೆದುಹೋಗುತ್ತದೆ. ಚಿತ್ರ ದೊಡ್ಡದಾದಷ್ಟೂ ಅದರೊಳಗಿನ ಮನುಷ್ಯ ಕಾಣೆಯಾಗುತ್ತಾನೆ.

ಆ ಮನುಷ್ಯ ಅಲ್ಲಿ ಏನು ಮಾಡುತ್ತಿದ್ದ? ಹೆನ್ರಿ ಮೇಹ್ಯೂ ಮತ್ತು ಜಾನ್ ಬಿನ್ನಿ ಲಂಡನ್ನಿನ ಸೆರೆಮನೆಗಳನ್ನು ಸುತ್ತಿ 1862ರಲ್ಲಿ ಹೊರತಂದ ದಪ್ಪ ಗ್ರಂಥದಲ್ಲಿ ಈ ಚಿತ್ರವೂ ಇದೆ, ಇದರ ಲೆಕ್ಕವೂ ಇದೆ. ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ 1818ರ ಸುಮಾರಿಗೆ ರೂಪಿಸಿದ ಈ ತುಳಿಚಕ್ರದ ಸುತ್ತಳತೆ 16 ಅಡಿ. ಎಂಟೆಂಟು ಇಂಚಿಗೆ ಒಂದರಂತೆ 24 ಮೆಟ್ಟಿಲು. ಕೈದಿ ಎದುರಿನ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಾನೆ, ಅವನ ಭಾರಕ್ಕೆ ಮೆಟ್ಟಿಲು ಕೆಳಗಿಳಿಯುತ್ತದೆ, ಅವನು ಇದ್ದಲ್ಲಿಯೇ ಇರುತ್ತಾನೆ. ಚಕ್ರ ನಿಮಿಷಕ್ಕೆ ಎರಡು ಸುತ್ತು ತಿರುಗಿ, ಮೂವತ್ತನೆಯ ಸುತ್ತಿಗೆ ತಾನೇ ಗಂಟೆ ಬಾರಿಸುತ್ತದೆ. ಆಗ ಒಂದು ಪಾಳಿ ಮುಗಿಯಿತು. ಕಾಲು ಗಂಟೆ ತುಳಿತ, ಕಾಲು ಗಂಟೆ ವಿರಾಮ, ಹೀಗೆ ದಿನಕ್ಕೆ ಹದಿನೈದು ಪಾಳಿ. ಗುಣಿಸಿ ನೋಡಿದರೆ ಒಬ್ಬ ಕೈದಿ ದಿನಕ್ಕೆ 7,200 ಅಡಿ, ಅಂದರೆ ಸುಮಾರು 2,200 ಮೀಟರ್ ಏರುತ್ತಾನೆ. ಸಮುದ್ರಮಟ್ಟದಿಂದ ಶಿರಸಿಯ ಎತ್ತರ ಸುಮಾರು 590 ಮೀಟರ್. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಅಭ್ಯಾಸವಿರುವ ನಮಗೆ ಹೀಗೆ ಹೇಳಿದರೆ ತಿಳಿಯುತ್ತದೆ: ಹೆಚ್ಚುಕಡಿಮೆ ನಾಲ್ಕು ಬಾರಿ ಆ ಎತ್ತರವನ್ನು ಕಾಲ್ನಡಿಗೆಯಲ್ಲಿ ಹತ್ತುವುದು, ಒಮ್ಮೆಯೂ ಶಿರಸಿಯನ್ನು ತಲುಪದಿರುವುದು, ನಾಳೆ ಮತ್ತೆ ಕುಮಟೆಯಿಂದಲೇ ಹೊರಡುವುದು.

ಇಷ್ಟು ತುಳಿದು ಉತ್ಪತ್ತಿಯಾಗುತ್ತಿದ್ದುದೇನು? ಕೆಲವು ಜೈಲುಗಳಲ್ಲಿ ಚಕ್ರಕ್ಕೆ ಹಿಟ್ಟಿನ ಗಿರಣಿಯನ್ನೋ ನೀರೆತ್ತುವ ಯಂತ್ರವನ್ನೋ ಜೋಡಿಸುತ್ತಿದ್ದರು. ಇಲ್ಲಿ ಅದೂ ಇರಲಿಲ್ಲ. ಕೈದಿಗಳು ಅದನ್ನು 'ಗಾಳಿ ಬೀಸುವ ಕೆಲಸ' ಎನ್ನುತ್ತಿದ್ದರಂತೆ. ಇಂಗ್ಲಿಷಿನವರಿಗೆ ಇದು ಕಾಳು ಬೀಸುವ ಮಾತು ಮಾತ್ರ. ಕನ್ನಡದಲ್ಲಿ ಗಾಳಿಯೂ ಬೀಸುತ್ತದೆ, ಬೀಸುವ ಕಲ್ಲೂ ಬೀಸುತ್ತದೆಯಾದ್ದರಿಂದ ಆ ಕಹಿ ವಿನೋದ ನಮ್ಮ ಭಾಷೆಯಲ್ಲಿ ಇನ್ನಷ್ಟು ಚೆನ್ನಾಗಿ ಕೂರುತ್ತದೆ. 1834ರಿಂದ ಆ ಸೆರೆಮನೆಯಲ್ಲಿ ಕೈದಿಗಳು ಪರಸ್ಪರ ಮಾತಾಡುವುದೂ ನಿಷಿದ್ಧವಾಗಿತ್ತು. ಹೀಗಾಗಿ ಆ ಚಿತ್ರದಲ್ಲಿ ಕೇಳಿಸಬೇಕಾದ್ದು ಮರದ ಕಿರುಗುಟ್ಟುವಿಕೆ, ಕಾಲಿನ ಸದ್ದು, ಗಂಟೆ, ಇಷ್ಟೇ. 1898ರ ಕಾಯ್ದೆ ಬಂದ ಮೇಲೆ ತುಳಿಚಕ್ರಗಳು ಇಂಗ್ಲೆಂಡಿನ ಸೆರೆಮನೆಗಳಿಂದ ಮಾಯವಾದವು. ಕೋಲ್ಡ್‌ಬಾತ್ ಫೀಲ್ಡ್ಸ್ ಅದಕ್ಕೂ ಮೊದಲೇ, 1885ರಲ್ಲಿ ಮುಚ್ಚಿ, ಆ ಜಾಗದಲ್ಲಿ ಲಂಡನ್ನಿನ ಅಂಚೆ ವಿಂಗಡಣೆಯ ದೊಡ್ಡ ಕಚೇರಿ ಎದ್ದಿತು.

ಈಗ ನಾನು ನಿಮ್ಮ ಮುಂದೆ ಇಡಬೇಕೆಂದುಕೊಂಡ ಮಾತಿಗೆ ಬರುತ್ತೇನೆ. ಇಂಥ ಚಿತ್ರವನ್ನು ನೋಡುವಾಗ ನಾವು ಎಲ್ಲಿ ನಿಂತಿರುತ್ತೇವೆ? ಚಿತ್ರಕಾರ ಎಲ್ಲಿ ನಿಂತಿದ್ದನೋ ಅಲ್ಲಿ. ಅವನು ಎಲ್ಲಿ ನಿಂತಿದ್ದ? ಅಧಿಕಾರಿಯ ಅನುಮತಿ ಪಡೆದು, ವಾರ್ಡರನ ಪಕ್ಕದಲ್ಲಿ. ಕೈದಿಗೆ ಕಾಣುತ್ತಿದ್ದುದು ತನ್ನ ಮೂಗಿನ ಮುಂದಿನ ಹಲಗೆ. ಅವನ ಬೆನ್ನು ಕಾಣುತ್ತಿದ್ದುದು ಕಾವಲಿನವನಿಗೆ. ಆ ತಗಡನ್ನು ಗೋಡೆಗೆ ಹಾಕಿಕೊಂಡವರು ತಮಗೆ ತಿಳಿಯದೆಯೇ ಕಾವಲಿನವನ ಕಣ್ಣನ್ನು ಮನೆಗೆ ತಂದುಕೊಂಡಿರುತ್ತಾರೆ.

ಇದಕ್ಕೆ ಫ್ರೆಂಚ್ ಚಿತ್ರಕಾರ ಗುಸ್ತಾವ್ ಡೋರೆಯ ಚಿತ್ರ ಒಳ್ಳೆಯ ಸಾಕ್ಷಿ. 1872ರಲ್ಲಿ ಪ್ರಕಟವಾದ ಅವನ ಲಂಡನ್ ಚಿತ್ರಗಳಲ್ಲಿ ನ್ಯೂಗೇಟ್ ಸೆರೆಮನೆಯ ಅಂಗಳದ್ದೊಂದು ಇದೆ. ಬಾವಿಯ ತಳದಂಥ ಜಾಗದಲ್ಲಿ ಕೈದಿಗಳು ವೃತ್ತಾಕಾರವಾಗಿ ನಡೆಯುತ್ತಿದ್ದಾರೆ. ಬಲಬದಿಯಲ್ಲಿ ಎತ್ತರದ ಟೋಪಿ ತೊಟ್ಟವರು ನಿಂತು ನೋಡುತ್ತಿದ್ದಾರೆ. ನೋಡುವವರನ್ನೂ ಚಿತ್ರದೊಳಗೆ ಸೇರಿಸಿದ್ದು ಡೋರೆಯ ಪ್ರಾಮಾಣಿಕತೆ. ಹದಿನೆಂಟು ವರ್ಷ ಕಳೆದು, 1890ರ ಫೆಬ್ರುವರಿಯಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದ ವಿನ್ಸೆಂಟ್ ವ್ಯಾನ್ ಗೋ ಅದೇ ಕೆತ್ತನೆಯನ್ನು ಎದುರಿಗಿಟ್ಟುಕೊಂಡು ಬಣ್ಣದಲ್ಲಿ ಬರೆದ. ಗೋಡೆಗಳು ಹಸಿರು ನೀಲಿಯಾದವು. ಮುಂದುಗಡೆಯ ಒಬ್ಬ ಕೈದಿ ಟೋಪಿಯಿಲ್ಲದೆ, ಹೊಂಬಣ್ಣದ ತಲೆಯವನಾಗಿ, ನಮ್ಮತ್ತ ಮುಖ ತಿರುಗಿಸಿದ. ಅವನು ವ್ಯಾನ್ ಗೋನನ್ನೇ ಹೋಲುತ್ತಾನೆಂದು ಹಲವರು ಹೇಳಿದ್ದಾರೆ. ಹೋಲಲಿ ಬಿಡಲಿ, ಬೀಗದೊಳಗೆ ಇದ್ದವನು ಬರೆದಾಗ ಕೈದಿ ತಿರುಗಿ ನೋಡಿದ ಎನ್ನುವುದನ್ನಂತೂ ಗಮನಿಸಬೇಕು. ಮಾಸ್ಕೋದ ಪುಶ್ಕಿನ್ ಸಂಗ್ರಹಾಲಯದಲ್ಲಿರುವ ಆ ಚಿತ್ರವೂ ಈಗ ತಗಡಿನ ಮೇಲೆ ಸಿಗುತ್ತದೆ. ಅದನ್ನು ಯಾರಾದರೂ ಗೋಡೆಗೆ ಹಾಕಿಕೊಂಡರೆ ನನ್ನದೇನೂ ತಕರಾರಿಲ್ಲ. ಆ ಮನುಷ್ಯ ದಿನವೂ ಅವರನ್ನು ನೋಡುತ್ತಿರುತ್ತಾನೆ.

ಎಲ್ಲ ಚಿತ್ರಗಳೂ ಕಾವಲಿನವರ ಪರವಾಗಿಯೇ ಹುಟ್ಟಿದವು ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಸೆರೆಮನೆಯಲ್ಲಿ 1858ರ ಡಿಸೆಂಬರಿನಲ್ಲಿ ಮೋರ್ ಎಂಬ ಕಪ್ಪು ಕೈದಿಯೊಬ್ಬ ತಣ್ಣೀರಿನ ಧಾರೆಯ ಶಿಕ್ಷೆಯಲ್ಲಿ ಸತ್ತ. ಕೈಕಾಲು ಕಟ್ಟಿ ಕೂರಿಸಿ, ಕುತ್ತಿಗೆಗೆ ಹಲಗೆ ಬಿಗಿದು, ಮೇಲಿನಿಂದ ನೀರು ಬಿಡುತ್ತಿದ್ದರು. ಹಾರ್ಪರ್ಸ್ ವೀಕ್ಲಿ ಪತ್ರಿಕೆ ಅದೇ ತಿಂಗಳು ಅದರ ಚಿತ್ರಗಳನ್ನು ಅಚ್ಚು ಹಾಕಿತು, ಸತ್ತವನ ಹೆಸರನ್ನೂ ಬರೆಯಿತು. ಆ ಚಿತ್ರ ಒಂದು ಆರೋಪಪಟ್ಟಿ. ಅದರ ಕೆಳಗಿನ ಬರಹವನ್ನು ಕತ್ತರಿಸಿ, ಚಿತ್ರವನ್ನಷ್ಟೇ ಹಿಗ್ಗಿಸಿ ಹೊಳಪಿನ ತಗಡಿಗೆ ಇಳಿಸಿದರೆ ಉಳಿಯುವುದು ಆರೋಪವಲ್ಲ, ಬರಿಯ ವಿಚಿತ್ರ ಸ್ನಾನ. ಮಾರುವವನು ಇದನ್ನು ಕೆಟ್ಟ ಮನಸ್ಸಿನಿಂದ ಮಾಡುತ್ತಾನೆಂದೇನಲ್ಲ. ಮೂವತ್ತು ಇಂಚಿನ ಅಲಂಕಾರಕ್ಕೆ ಕೆಳಗಿನ ಬರಹ ಹೊಂದುವುದಿಲ್ಲ, ಅಷ್ಟೇ.

ಬರ್ಮಿಂಗ್‌ಹ್ಯಾಮಿನ ಕತೆ ಇದಕ್ಕೆ ತಿರುಗುಮುರುಗು. ಅಲ್ಲಿ ಕೈದಿಗಳಿಗೆ ಕೋಣೆಯೊಳಗೇ ಒಂದು ಹಿಡಿಕೆಯ ಯಂತ್ರವನ್ನು ತಿರುಗಿಸುವ ಶಿಕ್ಷೆಯಿತ್ತು. ಒಳಗೆ ಏನನ್ನೂ ಅರೆಯದ, ಏನನ್ನೂ ಎತ್ತದ ಯಂತ್ರ, ಎಷ್ಟು ತಿರುಗಿತು ಎಂದು ತೋರಿಸುವ ಒಂದು ಮುಳ್ಳು ಮಾತ್ರ. ದನದ ಮಾಂಸ ಕದ್ದ ತಪ್ಪಿಗೆ ಒಳಗೆ ಬಂದ ಎಡ್ವರ್ಡ್ ಆಂಡ್ರೂಸ್ ಎಂಬ ಹದಿನೈದು ವರ್ಷದ ಹುಡುಗನಿಗೆ ದಿನಕ್ಕೆ 10,000 ಸುತ್ತು. ಲೆಕ್ಕ ಮುಗಿಯದ ದಿನ ಊಟವಿಲ್ಲ, ಬಿಗಿಯಂಗಿ, ಕೊರಳಿಗೆ ತೊಗಲಿನ ಪಟ್ಟಿ, ಮೈಮೇಲೆ ತಣ್ಣೀರು. 1853ರ ಏಪ್ರಿಲಿನಲ್ಲಿ ಅವನು ನೇಣು ಹಾಕಿಕೊಂಡ. ವಿಚಾರಣಾ ಆಯೋಗ ಕುಳಿತಿತು, ಜೈಲಿನ ಮುಖ್ಯಸ್ಥನಾಗಿದ್ದ ಲೆಫ್ಟಿನೆಂಟ್ ಆಸ್ಟಿನ್ ಮುಂದೆ ತಾನೇ ಮೂರು ತಿಂಗಳ ಸೆರೆ ಅನುಭವಿಸಿದ. ವಿಚಾರಣೆಯಾದ್ದರಿಂದ ಆ ಹುಡುಗನ ಹೆಸರು ನಮಗೆ ಉಳಿಯಿತು. ಹಿಡಿಕೆ ತಿರುಗಿಸುವವರ ಚಿತ್ರಗಳು ಈಗ ಧಾರಾಳವಾಗಿ ಸಿಗುತ್ತವೆ. ಅವುಗಳಲ್ಲಿ ಯಾರೂ ಎಡ್ವರ್ಡ್ ಆಂಡ್ರೂಸ್ ಅಲ್ಲ.

ಕ್ಯಾಮೆರಾ ಬಂದ ಮೇಲೆ ಈ ಸಂಬಂಧ ಇನ್ನೂ ಹತ್ತಿರವಾಯಿತು. ವಿಲ್ಲೋಬಿ ವ್ಯಾಲೇಸ್ ಹೂಪರ್ ಎಂಬ ಸೇನಾಧಿಕಾರಿಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1876–78ರ ದೊಡ್ಡ ಬರಗಾಲದಲ್ಲಿ ಮದ್ರಾಸ್ ಪ್ರಾಂತದ ಎಲುಬಿನ ಗೂಡುಗಳಾದ ಜನರನ್ನು ಸಾಲಾಗಿ ಕೂರಿಸಿ ಫೋಟೋ ತೆಗೆದವನು ಇವನೇ. 1886ರ ಜನವರಿಯಲ್ಲಿ ಮಂಡಾಲೆಯಲ್ಲಿ ಬರ್ಮಾದ ಬಂಡಾಯಗಾರರಿಗೆ ಗುಂಡಿಕ್ಕುವ ಉಸ್ತುವಾರಿಯೂ ಅವನದಾಗಿತ್ತು. ಗುಂಡು ತಗಲುವ ಕ್ಷಣವೇ ಫೋಟೋದಲ್ಲಿ ಸಿಗಬೇಕೆಂದು ಅವನು ಕ್ಯಾಮೆರಾ ಹೂಡಿ, ಅದಕ್ಕೆ ಹೊಂದಿಸಿ ಆಜ್ಞೆ ಕೊಟ್ಟನೆಂಬ ದೂರು ಬ್ರಿಟನ್ನಿನ ಸಂಸತ್ತಿನವರೆಗೆ ಹೋಯಿತು. ಅವನಿಗೆ ಛೀಮಾರಿಯೂ ಆಯಿತು. ಶಿಕ್ಷೆ ಕೊಡುವ ಕೈ, ಚಿತ್ರ ತೆಗೆಯುವ ಕೈ ಎರಡೂ ಒಂದೇ ಆದದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಛಡಿ ಏಟಿನ ಕಂಬ ಅಂಚೆ ಕಾರ್ಡಿನ ವಸ್ತುವಾಗಿತ್ತು. ಅಲ್ಲಿ ಕೊನೆಯ ಏಟು ಬಿದ್ದದ್ದು 1952ರಲ್ಲಿ, ಕಾನೂನಿನಿಂದ ಆ ಶಿಕ್ಷೆ ಹೋದದ್ದು 1972ರಲ್ಲಿ, ಜಾರ್ಜ್‌ಟೌನ್ ಊರಿನ ಕಂಬವನ್ನು ಕಿತ್ತು ಒಳಗಿಟ್ಟದ್ದು 2020ರಲ್ಲಿ. ಕಂಬ ಬೀದಿಯಿಂದ ಹೋಯಿತು, ಕಾರ್ಡು ಗೋಡೆಗೆ ಬಂತು.

ನಮ್ಮ ದೇಶದ ಶಿಕ್ಷೆಗಳಿಗೆ ಚಿತ್ರಗಳು ಕಡಿಮೆ, ಕಾಗದಪತ್ರ ಹೆಚ್ಚು. ಬಂಗಾಳದಲ್ಲಿ 1797ರ ಕಾನೂನಿನಂತೆ ಜೀವಾವಧಿ ಕೈದಿಗಳ ಹಣೆಗೆ ಹೆಸರು, ಅಪರಾಧ, ಶಿಕ್ಷೆಯ ದಿನಾಂಕಗಳನ್ನು ಹಚ್ಚೆ ಹೊಯ್ಯುತ್ತಿದ್ದರು. 1849ರಲ್ಲಿ ಅದು ನಿಂತಿತು. ಮನುಷ್ಯನ ಚರ್ಮವನ್ನೇ ತಗಡು ಮಾಡಿಕೊಂಡದ್ದು ಅದು. 1894ರ ಕಾರಾಗೃಹ ಕಾಯ್ದೆಯ 46ನೆಯ ಕಲಮನ್ನು ಓದಿದವರಿಗೆ ಯಾವ ಚಿತ್ರವೂ ಬೇಡ. ಬಟ್ಟೆಯ ಬದಲು ಗೋಣಿಯನ್ನು ಉಡಿಸುವುದು ಅಲ್ಲಿ ಒಂದು ಶಿಕ್ಷೆ. ಕೈಕೋಳ, ಕಾಲುಬೇಡಿ, ಒಂಟಿ ಕೋಣೆ, ಶಿಕ್ಷೆಯ ಊಟ ಬೇರೆ ಬೇರೆ ಶಿಕ್ಷೆಗಳು. ಮೂವತ್ತಕ್ಕೆ ಮೀರದ ಛಡಿ ಏಟು ಕೊನೆಯದು. ಬೆತ್ತ ಅರ್ಧ ಇಂಚಿಗಿಂತ ತೆಳ್ಳಗಿರಬಾರದು ಎಂದು 53ನೆಯ ಕಲಮು ಹೇಳುತ್ತದೆ. ಆ ಅಳತೆಯನ್ನು ಯಾವನೋ ಒಬ್ಬ ಗುಮಾಸ್ತ ಮೇಜಿನ ಮುಂದೆ ಕುಳಿತು ಬರೆದ ದೃಶ್ಯವೇ ನನಗೆ ಎಲ್ಲ ಕೆತ್ತನೆಗಳಿಗಿಂತ ಹೆಚ್ಚು ಕಾಡಿದೆ. ನ್ಯಾಯಾಲಯಗಳು ವಿಧಿಸುವ ಛಡಿ ಏಟು ಸ್ವತಂತ್ರ ಭಾರತದಲ್ಲಿ 1955ರ ಕಾಯ್ದೆಯಿಂದ ರದ್ದಾಯಿತು.

ಕರಿನೀರಿನ ಶಿಕ್ಷೆಯ ಅಂಡಮಾನಿನ ವಿಷಯ ನಿಮಗೆಲ್ಲ ಗೊತ್ತಿರುವುದೇ. 1906ರಲ್ಲಿ ಕಟ್ಟಿ ಮುಗಿದ ಸೆಲ್ಯುಲರ್ ಜೈಲಿನಲ್ಲಿ ಗಾಣಕ್ಕೆ ಎತ್ತಿನ ಬದಲು ಮನುಷ್ಯನನ್ನು ಹೂಡಿ ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆಯ ಲೆಕ್ಕ ಕೇಳುತ್ತಿದ್ದರು. ತೆಂಗಿನ ನಾಡಿನವರಾದ ನಾವು ಆ ಲೆಕ್ಕವನ್ನು ಮೈಯಿಂದಲೇ ಅಂದಾಜು ಮಾಡಬಲ್ಲೆವು. ಈಗ ಅಲ್ಲಿ ಗಾಣ ತಿರುಗಿಸುವ, ಏಟು ತಿನ್ನುವ ಕೈದಿಗಳ ಗೊಂಬೆಗಳಿವೆ. ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಹೋದಾಗಲೂ ಹಾಗೆಯೇ ನಡೆದಿತ್ತು. ಸಂಕೋಚದಿಂದಲೇ ಹೇಳುತ್ತೇನೆ, ನಾನೂ ಒಂದು ತೆಗೆಸಿಕೊಂಡೆ.

ಶಿಕ್ಷೆಯ ಚಿತ್ರವನ್ನು ಮನೆಯ ಗೋಡೆಗೆ ಹಾಕುವುದು ನಮಗೆ ಹೊಸತೇ? ಅಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ, ನಾನು ಹುಡುಗನಾಗಿದ್ದಾಗ, ಪಟದ ಅಂಗಡಿಯಲ್ಲಿ ಲಕ್ಷ್ಮಿ, ಸರಸ್ವತಿ, ನೆಹರೂ ಇವರ ನಡುವೆ ನರಕದ ಪಟ ತೂಗಾಡುತ್ತಿತ್ತು. ನಡುವೆ ಎಮ್ಮೆಯೇರಿದ ಯಮ, ಪಕ್ಕದಲ್ಲಿ ಲೆಕ್ಕದ ಪುಸ್ತಕ ಹಿಡಿದ ಚಿತ್ರಗುಪ್ತ, ಸುತ್ತಲೂ ಚೌಕ ಚೌಕಗಳಲ್ಲಿ ಎಣ್ಣೆಯ ಕೊಪ್ಪರಿಗೆ, ಗರಗಸ, ಮುಳ್ಳಿನ ಮರ. ಒಂದೊಂದರ ಕೆಳಗೂ ಇದು ಸುಳ್ಳು ಸಾಕ್ಷಿ ಹೇಳಿದವನಿಗೆ, ಇದು ತೂಕದಲ್ಲಿ ಮೋಸ ಮಾಡಿದವನಿಗೆ ಎಂಬ ಬರಹ. ನಮ್ಮ ಮನೆಯ ಜಗಲಿಯಲ್ಲೂ ಒಂದಿತ್ತು. ತೂಕದ ಮೋಸದ ಚೌಕವನ್ನು ಕಂಡಾಗಲೆಲ್ಲ ಊರಿನ ಅಂಗಡಿಯವನು ಕಣ್ಣಿಗೆ ಕಟ್ಟುತ್ತಿದ್ದ. ಸುಳ್ಳಿನ ಚೌಕದಲ್ಲಿ ಮಾತ್ರ ನಾನೇ ಇದ್ದೆ. ಆ ಪಟವನ್ನು ಕಲೆಯೆಂದು ನಾನು ಹೊಗಳಲಾರೆ, ಮಕ್ಕಳನ್ನು ಹೆದರಿಸುವ ಅದರ ರೀತಿಯೂ ನನಗೆ ಹಿಡಿಸದು. ಆದರೂ ಅದು ನೋಡುವವನನ್ನು ಯಮದೂತನ ಪಕ್ಕದಲ್ಲಿ ನಿಲ್ಲಿಸುತ್ತಿರಲಿಲ್ಲ. ಕೊಪ್ಪರಿಗೆಯ ಅಂಚಿನಲ್ಲಿ ನಿಲ್ಲಿಸುತ್ತಿತ್ತು. ಬರಹವನ್ನಂತೂ ಬಿಡುತ್ತಲೇ ಇರಲಿಲ್ಲ.

ಇನ್ನೊಂದು ಗೋಡೆಯ ವಿಷಯ ಹೇಳಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನನ್ನು ಮುರಿದದ್ದು, ಆಮೇಲೆ ಅಂಕೋಲೆ, ಸಿದ್ದಾಪುರಗಳ ರೈತರು ಕರ ಕೊಡದೆ ಹೊಲಮನೆ ಕಳೆದುಕೊಂಡದ್ದು ನಮ್ಮ ಜಿಲ್ಲೆಯಲ್ಲಿ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಕೈದಿಗಳನ್ನು ವಿಂಗಡಿಸುತ್ತಿದ್ದ ಆಗಿನ ಎ, ಬಿ, ಸಿ ವರ್ಗಗಳಲ್ಲಿ ಸಾಮಾನ್ಯ ರೈತನಿಗೆ ಸಿಕ್ಕುತ್ತಿದ್ದುದು ಸಿ. ಬೆಳಗಾವಿಯ ಹಿಂಡಲಗಾದಂಥ ಜೈಲುಗಳಲ್ಲಿ ಅವರು ಕಲ್ಲು ಒಡೆಯುವ, ಬೀಸುವ ಚಿತ್ರ ಯಾವ ಮಾರಾಟದ ಪಟ್ಟಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಂಥ ಒಬ್ಬರ ಮನೆಗೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಅವರಿಲ್ಲ, ಸೊಸೆ ಇದ್ದರು, ಅವರಿಗೂ ಎಂಬತ್ತು ದಾಟಿತ್ತು. ಹೊರಗಿನ ಕೋಣೆಯ ಗೋಡೆಯ ಮೇಲೆ, ದೇವರ ಪಟಗಳ ಸಾಲಿನ ಕೊನೆಯಲ್ಲಿ, ಒಂದು ತಾಮ್ರದ ತಗಡು. ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷ, 1972ರಲ್ಲಿ, ರಾಷ್ಟ್ರದ ಪರವಾಗಿ ಪ್ರಧಾನಿ ಇಂದಿರಾ ಗಾಂಧಿ ಕೊಟ್ಟ ತಾಮ್ರಪತ್ರ. ಅದರಲ್ಲಿ ಚಿತ್ರವೆಂದರೆ ಸಿಂಹಲಾಂಛನ ಒಂದೇ, ಸೆರೆಯಿಲ್ಲ, ಬೇಡಿಯಿಲ್ಲ. ಇದ್ದದ್ದು ಮನುಷ್ಯನ ಹೆಸರು. ಕೆಳಗೆ ಕಪಾಟಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಜೈಲಿನ ದಾಖಲೆಯ ನಕಲು. ಅದೇ ವರ್ಷ ಶುರುವಾದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಆರು ತಿಂಗಳ ಸೆರೆಯಾದರೂ ಆಗಿರಬೇಕಿತ್ತು. ಅದಕ್ಕಾಗಿ ಆ ಕಾಗದವನ್ನು ತರಿಸಿದ್ದರು.

"ಮಾವ ಜೈಲಿನ ಸುದ್ದಿ ತೆಗೆದ್ರೆ ಊಟದ ಸುದ್ದಿ ಒಂದೇ ಹೇಳೂರು" ಎಂದರು ಆ ಅಮ್ಮ. "ಅನ್ನ ಉಂಡ ಬಾಯಿಗೆ ದಿನಾ ಜೋಳದ ಭಕ್ರಿ. ಮತ್ತೊಂದು ಹೇಳೂರಲ್ಲ."

ಬೆನ್ನು ತೋರಿಸುವ ಚಿತ್ರ ಅವರಿಗೆ ಬೇಕಾಗಿರಲಿಲ್ಲ. ಏಟು ತಿಂದಿದ್ದರೋ ಇಲ್ಲವೋ, ಸೊಸೆಗೂ ಗೊತ್ತಿಲ್ಲ. ಗೋಡೆಯ ಮೇಲೆ ಏನಿರಬೇಕು, ಏನಿರಬಾರದು ಎನ್ನುವುದನ್ನು ಅವರೇ ತೀರ್ಮಾನಿಸಿದ್ದರು. ಕಾಫಿ ಅಂಗಡಿಯ ತಗಡಿನ ಮೇಲಿನವರಿಗೆ ಆ ಅವಕಾಶ ಸಿಗಲಿಲ್ಲ.

ನಾನು ಆ ಹುಡುಗನಿಗೆ ಇಷ್ಟನ್ನೂ ಹೇಳಲಿಲ್ಲ. ಚಕ್ರದ ಲೆಕ್ಕವನ್ನು ಮಾತ್ರ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆಗೆದುಬಿಡ್ಲಾ ಸರ್?" ಎಂದ. ತೆಗೆಯುವುದು ಬಿಡುವುದು ನಿನಗೆ ಸೇರಿದ್ದು, ಇಡುವುದಾದರೆ ಕೆಳಗೆ ನಾಲ್ಕು ಸಾಲು ಬರೆದಿಡು ಎಂದೆ. ಸಾಲುಗಳನ್ನು ನನ್ನಿಂದಲೇ ಬರೆಸಿಕೊಂಡ: ಜಾಗ, 1862, ಹದಿನೈದು ಪಾಳಿ, 7,200 ಅಡಿ, ಕೈದಿಗಳ ಹೆಸರನ್ನು ಚಿತ್ರಕಾರ ಬರೆದುಕೊಂಡಿಲ್ಲ. ತಿಂಗಳು ಬಿಟ್ಟು ಹೋದಾಗ ಚಿತ್ರವನ್ನು ಕೈತೊಳೆಯುವ ಕಡೆಯ ಗೋಡೆಗೆ ಸಾಗಿಸಿದ್ದ. "ಜನ ಅದನ್ನೇ ಓದ್ತಾ ನಿಲ್ತಾರೆ ಸರ್, ಮೇಜಿನ ಮೇಲೆ ಕಾಫಿ ಆರ್ತದೆ" ಎಂದ.

ಪ್ರಶ್ನೆಗಳ ಹೊತ್ತಿನಲ್ಲಿ ವಕೀಲರೊಬ್ಬರು, ಇಂಥ ಮಾರಾಟವನ್ನು ಕಾನೂನಿನಿಂದ ತಡೆಯಲಾಗದೇ ಎಂದು ಕೇಳಿದರು. ತಡೆಯುವ ಹಕ್ಕು ಯಾರಿಗಿದೆ? ನಮ್ಮಲ್ಲಿ ಫೋಟೋದ ಹಕ್ಕುಸ್ವಾಮ್ಯ ಪ್ರಕಟವಾಗಿ 60 ವರ್ಷಕ್ಕೆ ಮುಗಿಯುತ್ತದೆ. ನೂರೈವತ್ತು ವರ್ಷದ ಕೆತ್ತನೆಗಳಿಗೆ ಎಲ್ಲೂ ಒಡೆಯರಿಲ್ಲ. ಇದ್ದರೂ ಆ ಹಕ್ಕು ಕೆತ್ತಿದವನದು ಅಥವಾ ಅಚ್ಚು ಹಾಕಿದವನದು, ತುಳಿದವನದಲ್ಲ. ನಿಷೇಧವನ್ನು ನಾನು ಬಯಸುವುದೂ ಇಲ್ಲ. ಈ ಚಿತ್ರಗಳು ಇಲ್ಲದಿದ್ದರೆ ತುಳಿಚಕ್ರ ಹೇಗಿತ್ತೆಂದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು, ಹಾಗಾದರೆ ಎಲ್ಲರೂ ನೋಡುವಂತೆ ಗೋಡೆಗೆ ಬಂದದ್ದು ಒಳ್ಳೆಯದೇ ಅಲ್ಲವೇ ಸರ್ ಎಂದಳು. ಅವಳ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪಿದೆ. ಉಳಿದರ್ಧ ಕೆಳಗಿನ ಆ ನಾಲ್ಕು ಸಾಲಿನಲ್ಲಿದೆ ಎಂದೆ. ಅವಳಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ತಮ್ಮ ಅಜ್ಜನ ತಾಮ್ರಪತ್ರವೂ ಮನೆಯಲ್ಲಿದೆ, ಕಿಲುಬು ಹಿಡಿದು ಹಸಿರಾಗಿದೆ, ಹುಣಸೆಹುಳಿ ಹಾಕಿ ತಿಕ್ಕಬಹುದೇ ಎಂದು ಕೇಳಿದರು. ತಿಕ್ಕಬೇಡಿ ಎಂದೆ. ಹುಳಿ ತಾಮ್ರವನ್ನು ಬೆಳಗಿಸುತ್ತದೆ ನಿಜ, ಆದರೆ ತಿಕ್ಕಿದ ಹಾಗೆಲ್ಲ ಲೋಹ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ, ಅಕ್ಷರದ ಗೀರು ಮಾಸುತ್ತಾ ಬರುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಲ್ಲಿ ಧೂಳು ಒರೆಸಿ, ಒದ್ದೆ ಗೋಡೆಯಿಂದ ದೂರ ತೂಗಿಹಾಕಿ, ಮಳೆಗಾಲಕ್ಕೆ ಮುಂಚೆ ಒಂದು ಒಳ್ಳೆಯ ಫೋಟೋ ತೆಗೆದಿಟ್ಟುಕೊಳ್ಳಿ ಎಂದೆ. ಹೆಸರು ಇನ್ನೂ ಓದಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ, ಮೊದಲ ಎರಡು ಅಕ್ಷರ ಬರುತ್ತದೆ ಎಂದರು.